ಬಾಸ್ಕರ್‌ವಿಲ್ಲನ ಅಕ್ಷರಗಳು

ನಾಡಹಬ್ಬದ ಈ ಸಂಚಿಕೆಯಲ್ಲಿ ಅಕ್ಷರಕ್ಕಾಗಿ ಬಾಳು ಸವೆಸಿದ ಒಬ್ಬ ಆಂಗ್ಲ ಕುಶಲಿಯನ್ನು ನಾವು ನೆನೆಯುವುದು ಅನುಚಿತವಾಗಲಾರದು.

ಜಾನ್ ಬಾಸ್ಕರ್‌ವಿಲ್ 18ನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ವೂಸ್ಟರ್‌ಷೈರಿನಲ್ಲಿ ಹುಟ್ಟಿದನು. ಬರ್ಮಿಂಗ್‌ಹ್ಯಾಮಿನಲ್ಲಿ ಬರವಣಿಗೆ ಕಲಿಸಿ, ಗೋರಿಕಲ್ಲುಗಳ ಮೇಲೆ ಅಕ್ಷರ ಕೆತ್ತಿ ಜೀವಿಸಿದನು. ಮುಂದೆ ಮೆರುಗೆಣ್ಣೆಯ ಸಾಮಾನುಗಳ ಉದ್ಯಮದಿಂದ ಧನಿಕನಾದನು. 1750ರ ಸುಮಾರಿಗೆ ಅವನ ಮನಸ್ಸು ಅಚ್ಚುಮೊಳೆಗಳತ್ತ ಹೊರಳಿತು.

ಅವನ ಅಕ್ಷರದ ಚೆಲುವೇನು? ದಪ್ಪಗೀಟು ತುಂಬು ದಪ್ಪ, ಸಣ್ಣಗೀಟು ಬಲು ಸಣ್ಣ. ಗೀಟಿನ ತುದಿಗೆ ಸೆರಿಫ್ ಎಂಬ ಹರಿತವಾದ ಪುಟ್ಟ ಚಾಚು. ದುಂಡಕ್ಷರಗಳಿಗೆ ನೆಟ್ಟನೆಯ ನಿಲುವು. ಇಷ್ಟು ನವುರಾದ ಗೀಟು ಮೂಡಬೇಕಾದರೆ ಮಸಿ ಕಡುಗಪ್ಪಾಗಬೇಕು, ಕಾಗದ ನುಣುಪಾಗಬೇಕು. ಅದಕ್ಕೆಂದು ಮಸಿಯನ್ನು ಸುಧಾರಿಸಿದನು. ಅಚ್ಚಾದ ಹಾಳೆಗಳನ್ನು ಬಿಸಿ ಫಲಕಗಳ ನಡುವೆ ಒತ್ತಿಸಿದನು. 1757ರಲ್ಲಿ ವರ್ಜಿಲ್ ಕವಿಯ ಕೃತಿ, 1763ರಲ್ಲಿ ಕೇಂಬ್ರಿಜ್ಜಿನ ಬೈಬಲ್ ಹೊರಬಂದವು.

ಸ್ವದೇಶದಲ್ಲಿ ಹಲವರು ಈ ಅಕ್ಷರ ಕಣ್ಣಿಗೆ ಕೇಡೆಂದು ಜರೆದರು. ಹಾಗೆ ಜರೆದವನೊಬ್ಬನಿಗೆ ಬೆಂಜಮಿನ್ ಫ್ರಾಂಕ್ಲಿನ್, ಕ್ಯಾಸ್ಲನ್ನನ ಅಕ್ಷರಗಳ ಹಾಳೆಯನ್ನೇ ಬಾಸ್ಕರ್‌ವಿಲ್ಲನದೆಂದು ತೋರಿಸಿದನು. ಆತ ಅದರಲ್ಲೂ ದೋಷಗಳನ್ನು ಎಣಿಸಿದನು!

1775ರಲ್ಲಿ ಬಾಸ್ಕರ್‌ವಿಲ್ ತೀರಿಕೊಂಡನು. 1779ರಲ್ಲಿ ಅವನ ಪತ್ನಿ ಸಾರಾ ಅಚ್ಚಿನ ಸಾಮಗ್ರಿಯನ್ನು ಫ್ರಾನ್ಸಿನ ಬೋಮಾರ್ಷೆಗೆ ಮಾರಿದಳು. ವಾಲ್ಟೇರನ ಸಮಗ್ರ ಕೃತಿಗಳು ಆ ಮೊಳೆಗಳಲ್ಲಿ ಅಚ್ಚಾದವು. 1923ರಲ್ಲಿ ಮಾನೊಟೈಪ್ ಸಂಸ್ಥೆ ಆ ಅಕ್ಷರಕ್ಕೆ ಮರುಜೀವ ಕೊಟ್ಟಿತು. ಅವನು ಮಾಡಿಸಿದ ಮೂಲ ಉಕ್ಕಿನ ಅಚ್ಚುಗಳು 1953ರಲ್ಲಿ ಕೇಂಬ್ರಿಜ್ಜಿಗೆ ಮರಳಿದವು. ಇಂದಿಗೂ ಗ್ರಂಥಗಳಲ್ಲಿ, ಗಣಕಯಂತ್ರಗಳಲ್ಲಿ ಆ ಅಕ್ಷರ ಬಳಕೆಯಲ್ಲಿದೆ.

ಊರು ಬಿಟ್ಟ ಅಕ್ಷರವೂ ಅಳಿಯಲಿಲ್ಲ. ಅದನ್ನು ಬಳಸುವ ಕೈಗಳಿದ್ದವು. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವ ನಾವು ಇಷ್ಟನ್ನು ಮರೆಯದಿರೋಣ.