ಮಿತವನ್ನೇ ವ್ರತವಾಗಿಸಿಕೊಂಡ ಗೃಹಸ್ಥ: ಸ್ಕಾಟ್ ನಿಯರಿಂಗ್

ವ್ರತವೆಂಬುದು ಪರ್ವದಿನಗಳಿಗೆ ಮಾತ್ರ ಮೀಸಲಾದುದಲ್ಲ. ಗಳಿಕೆಗೆ ಎಲ್ಲೆಯನ್ನು ಹಾಕಿಕೊಂಡು, ಆ ಎಲ್ಲೆಯನ್ನು ಪ್ರತಿದಿನವೂ ಪಾಲಿಸುವುದು ಗೃಹಸ್ಥನಿಗೆ ಉಪವಾಸಕ್ಕಿಂತಲೂ ಕಠಿಣವಾದುದು. ಜೈನಕುಲದಲ್ಲಿ ಜನಿಸದಿದ್ದರೂ ಅಮೆರಿಕದ ಸ್ಕಾಟ್ ನಿಯರಿಂಗ್ ಅವರು ಬಾಳಿದ ಬಾಳು ಈ ದೃಷ್ಟಿಯಿಂದ ಮನನೀಯವಾಗಿದೆ.

ಪೆನ್ಸಿಲ್ವೇನಿಯ ಪ್ರಾಂತದ ಮಾರಿಸ್ ರನ್ ಎಂಬ ಕಲ್ಲಿದ್ದಲ ಗಣಿಯೂರಿನ ಸ್ಥಿತಿವಂತ ಮನೆತನದಲ್ಲಿ ೧೮೮೩ರ ಆಗಸ್ಟ್ ೬ರಂದು ಅವರು ಜನಿಸಿದರು. ಅರ್ಥಶಾಸ್ತ್ರದ ಅಧ್ಯಾಪಕರಾಗಿ, ಎಳೆಯ ಮಕ್ಕಳನ್ನು ದುಡಿಸಿಕೊಳ್ಳುವ ಅನ್ಯಾಯವನ್ನು ಖಂಡಿಸಿದರು. ೧೯೧೫ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಹುದ್ದೆಯು ಕೈತಪ್ಪಿತು. ಯುದ್ಧವನ್ನು ವಿರೋಧಿಸಿದುದರಿಂದ ೧೯೧೭ರಲ್ಲಿ ಟೊಲೀಡೋದ ಹುದ್ದೆಯೂ ಹೋಯಿತು. ಯುದ್ಧವಿರೋಧಿ ಪುಸ್ತಿಕೆಯೊಂದಕ್ಕಾಗಿ ೧೯೧೯ರಲ್ಲಿ ನ್ಯಾಯಾಲಯದಲ್ಲಿ ನಿಂತು ನಿರ್ದೋಷಿಯೆನಿಸಿದರೂ ವಿದ್ಯಾಪೀಠಗಳ ಬಾಗಿಲು ತೆರೆಯಲಿಲ್ಲ. ಈ ಕಷ್ಟಗಳ ನಡುವೆಯೇ ಅವರು ಮಾಂಸಾಹಾರವನ್ನು ತ್ಯಜಿಸಿದರು.

೧೯೨೯ರಲ್ಲಿ ಆರಂಭವಾದ ಆರ್ಥಿಕ ಕುಸಿತದಿಂದ ಆ ದೇಶದಲ್ಲಿ ದುಡಿಯಬಲ್ಲವರ ಪೈಕಿ ಸುಮಾರು ನಾಲ್ಕನೆಯ ಒಂದು ಪಾಲು ಜನ ನಿರುದ್ಯೋಗಿಗಳಾದರು. ೧೯೩೨ರಲ್ಲಿ, ಐವತ್ತರ ಅಂಚಿನಲ್ಲಿದ್ದ ನಿಯರಿಂಗ್ ಅವರು ಜೀವನಸಂಗಾತಿ ಹೆಲೆನ್ ಅವರೊಡನೆ ನ್ಯೂಯಾರ್ಕ್ ನಗರವನ್ನು ಬಿಟ್ಟು ವರ್ಮಾಂಟಿನ ಬೆಟ್ಟಸೀಮೆಗೆ ತೆರಳಿದರು. ೩೦೦ ಡಾಲರ್ ಮುಂಗಡ ತೆತ್ತು, ೮೦೦ ಡಾಲರ್ ಋಣವನ್ನು ಹೊತ್ತು, ಹಾಳುಬಿದ್ದ ಹೊಲಮನೆಯೊಂದನ್ನು ಕೊಂಡರು. ಇನ್ನು ಮುಂದೆ ಬಡ್ಡಿಗೆ ಸಾಲ ತರಬಾರದೆಂಬುದು ಅವರ ನಿಯಮವಾಯಿತು.

ಹಿಮ ಬೀಳದ ದಿನಗಳು ವರ್ಷದಲ್ಲಿ ಮೂರು ತಿಂಗಳಷ್ಟೇ ದೊರೆಯುವ ಆ ನೆಲದಲ್ಲಿ ಸೊಪ್ಪುಕಸದ ಗೊಬ್ಬರದಿಂದಲೇ ಕಾಯಿಪಲ್ಲೆಗಳನ್ನು ಬೆಳೆದರು. ಹಾಲಿಗಾಗಲಿ ದುಡಿಮೆಗಾಗಲಿ ಪ್ರಾಣಿಗಳನ್ನು ಸಾಕಲಿಲ್ಲ. ಹೊಲದ ಕಲ್ಲುಗಳನ್ನಾಯ್ದು ತಮ್ಮ ಕೈಯಿಂದಲೇ ಮನೆಗಳನ್ನು ಕಟ್ಟಿದರು. ದಿನದಲ್ಲಿ ನಾಲ್ಕು ಗಂಟೆ ಅನ್ನಕ್ಕಾಗಿ ಶ್ರಮ, ನಾಲ್ಕು ಗಂಟೆ ಓದುಬರಹ, ನಾಲ್ಕು ಗಂಟೆ ಜನರೊಡನಾಟ ಎಂದು ಕಾಲವನ್ನು ವಿಭಾಗಿಸಿಕೊಂಡರು.

ಕೈಗೆ ಹಣ ಬರುತ್ತಿದ್ದುದು ಮೇಪಲ್ ಮರದ ಸಿಹಿರಸದಿಂದ. ಚಳಿಗಾಲ ಕಳೆಯುವ ವೇಳೆಗೆ ಮರದಿಂದ ಒಸರುವ ರಸವನ್ನು ಕಾಯಿಸಿ ಪಾಕ ಮಾಡಬೇಕು. ಒಂದು ಅಳತೆ ಪಾಕಕ್ಕೆ ಸುಮಾರು ನಲವತ್ತು ಅಳತೆ ರಸ ಬೇಕಾಗುವುದು. ವರ್ಷದ ಅಗತ್ಯಕ್ಕೆ ಸಾಕಾಗುವಷ್ಟು ಹಣ ಕೂಡಿದೊಡನೆ ಆ ವರ್ಷದ ಗಳಿಕೆಯನ್ನು ನಿಲ್ಲಿಸಿಬಿಡುತ್ತಿದ್ದರು. ಇನ್ನಷ್ಟು ಗಳಿಸುವ ಶಕ್ತಿಯಿದ್ದೂ ಕೈ ಹಿಂತೆಗೆಯುವುದೇ ಪರಿಗ್ರಹ ಪರಿಮಾಣದ ತಿರುಳಲ್ಲವೆ? ಸುತ್ತಲಿನ ಭೂಮಿಯ ಬೆಲೆ ಏರಿದಾಗ, ತಾವು ದುಡಿಯದೆ ಬಂದ ಲಾಭವು ತಮಗೆ ಸಲ್ಲದೆಂದು ಬಗೆದು, ತಮ್ಮ ಕಾಡಿನ ನೆಲವನ್ನು ಊರಿಗೇ ಒಪ್ಪಿಸಿದರು. ೧೯೫೨ರಲ್ಲಿ ಮೇನ್ ಪ್ರಾಂತದ ಕಡಲತೀರಕ್ಕೆ ಹೋಗಿ, ಎಪ್ಪತ್ತರ ಹತ್ತಿರದ ಪ್ರಾಯದಲ್ಲಿ ಮತ್ತೆ ಮೊದಲಿನಿಂದ ಮಣ್ಣು ಹದಮಾಡತೊಡಗಿದರು. ದಂಪತಿಗಳು ೧೯೫೪ರಲ್ಲಿ ಪ್ರಕಟಿಸಿದ ಗ್ರಂಥವನ್ನೋದಿದ ಅಸಂಖ್ಯ ತರುಣರು ಅವರ ಹೊಲವನ್ನು ಅರಸಿ ಬಂದರು.

ನೂರು ವರ್ಷ ತುಂಬುವ ಕಾಲಕ್ಕೆ ದೇಹವು ದುಡಿಮೆಗೆ ಒದಗದಾಯಿತು. ಆಗ ಅವರು ಇನ್ನು ಉಣ್ಣುವುದಿಲ್ಲವೆಂದು ಶಾಂತವಾಗಿ ನಿಶ್ಚಯಿಸಿದರು. ಮೊದಲು ಘನಾಹಾರವನ್ನು ಬಿಟ್ಟು ಹಣ್ಣಿನ ರಸದಲ್ಲಿದ್ದರು. ಬಳಿಕ ಅದನ್ನೂ ಬಿಟ್ಟು ನೀರನ್ನು ಮಾತ್ರ ಸ್ವೀಕರಿಸಿದರು. ಹೆಲೆನ್ ಅವರು ತಡೆಯಲಿಲ್ಲ, ಆಸ್ಪತ್ರೆಗೆ ಒಯ್ಯಲಿಲ್ಲ. ಬಳಿಯಲ್ಲಿದ್ದು ಶುಶ್ರೂಷೆ ಮಾಡಿದರು. ೧೯೮೩ರ ಆಗಸ್ಟ್ ೨೪ರಂದು ನಿಯರಿಂಗ್ ಅವರು ತಮ್ಮ ಮನೆಯಲ್ಲಿಯೇ ಕೊನೆಯುಸಿರೆಳೆದರು.

ಆಹಾರವನ್ನು ಕ್ರಮವಾಗಿ ಇಳಿಸಿ ಪಾನಕ್ಕೂ, ಪಾನದಿಂದ ಜಲಕ್ಕೂ ಬರುವ ವಿಧಿಯನ್ನು ನಮ್ಮ ಶ್ರಾವಕಾಚಾರಗಳು ಬಹು ಹಿಂದೆಯೇ ತಿಳಿಸಿವೆ. ಗುರುಸಾನ್ನಿಧ್ಯ, ಕ್ಷಮಾಪಣೆ, ಪಂಚನಮಸ್ಕಾರಗಳಿಲ್ಲದ ಈ ಅಂತ್ಯವನ್ನು ಸಲ್ಲೇಖನವೆಂದು ಕರೆಯಲಾಗದು. ಆದರೂ ವಿಚಾರಶೀಲರಾದ ಶ್ರಾವಕ ಶ್ರಾವಿಕೆಯರು ಒಂದನ್ನು ಗಮನಿಸಬೇಕು. ಅರ್ಧ ಶತಮಾನದ ಕಾಲ, ಸಾಕೆಂಬ ಮಾತನ್ನು ವರ್ಷವರ್ಷವೂ ಅಭ್ಯಾಸ ಮಾಡಿದವರಿಗೆ, ಕೊನೆಯಲ್ಲಿ ಅನ್ನವನ್ನು ಬಿಡುವುದು ಭಾರವಾಗಲಿಲ್ಲ. ಅಂತ್ಯಕಾಲದ ಸಮಾಧಾನಕ್ಕೆ ಸಿದ್ಧತೆಯು ಅಡಿಗೆಮನೆಯಲ್ಲಿಯೂ ಕಣಜದಲ್ಲಿಯೂ ಇಂದೇ ಆರಂಭವಾಗಬೇಕು.