ಮೆದುಳಿಗೆ ಗಾಳಿ ತುಂಬಿ ಚಿತ್ರ ತೆಗೆದ ಡ್ಯಾಂಡಿ

ನಮ್ಮ ಶೇಡಬಾಳದ ಕಡೆ ಯಾರಿಗಾದರೂ ತಲೆಗೆ ಬಲವಾದ ಪೆಟ್ಟು ಬಿದ್ದರೆ ಮಿರಜಕ್ಕೋ ಸಾಂಗಲಿಗೋ ಕರೆದೊಯ್ಯುತ್ತಾರೆ. ಅಲ್ಲಿ ಮೊದಲು ಸ್ಕ್ಯಾನ್, ಆಮೇಲೆ ಉಳಿದ ಮಾತು. ನೂರು ವರ್ಷಗಳ ಹಿಂದೆ ಹೀಗಿರಲಿಲ್ಲ. ಕೈಕಾಲು ಸೋತದ್ದು, ಕಣ್ಣು ಮಂಜಾದದ್ದು ನೋಡಿ, ಗಡ್ಡೆ ಇಂಥಲ್ಲಿರಬಹುದೆಂದು ಅಂದಾಜಿನ ಮೇಲೆ ತಲೆಬುರುಡೆ ತೆರೆಯುತ್ತಿದ್ದರು. ಎಷ್ಟೋ ಸಲ ಗಡ್ಡೆ ಅಲ್ಲಿ ಸಿಗುತ್ತಲೇ ಇರಲಿಲ್ಲ. ಈ ಕತ್ತಲಲ್ಲಿ ದಾರಿ ಮಾಡಿದವರು ಅಮೆರಿಕದ ವಾಲ್ಟರ್ ಡ್ಯಾಂಡಿ.

ಅವರು ಹುಟ್ಟಿದ್ದು 1886ರಲ್ಲಿ, ಮಿಸೌರಿ ರಾಜ್ಯದ ಸೆಡೇಲಿಯಾದಲ್ಲಿ. ತಂದೆ ರೈಲು ಎಂಜಿನ್ ಚಾಲಕ. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 1910ರಲ್ಲಿ ವೈದ್ಯರಾಗಿ, ಹೆಸರಾಂತ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅವರ ಕೈಕೆಳಗೆ ಸೇರಿದರು. ಗುರು-ಶಿಷ್ಯರಿಗೆ ಹೊಂದಲಿಲ್ಲ. 1912ರಲ್ಲಿ ಬೋಸ್ಟನ್ನಿನ ಬ್ರಿಗಮ್ ಆಸ್ಪತ್ರೆಗೆ ಹೊರಟ ಕುಶಿಂಗ್ ಡ್ಯಾಂಡಿಯನ್ನು ಜೊತೆಗೆ ಕರೆದುಕೊಳ್ಳಲಿಲ್ಲ. ಕೈಯಲ್ಲಿ ಪದವಿ ಇತ್ತು, ಹುದ್ದೆ ಇರಲಿಲ್ಲ. (ಈ ಸ್ಥಿತಿಯನ್ನು ನಮ್ಮಲ್ಲಿ ಅನೇಕರಿಗೆ ಬಿಡಿಸಿ ಹೇಳಬೇಕಿಲ್ಲ.) ಆಸ್ಪತ್ರೆಯ ಮೇಲಧಿಕಾರಿ ಉಳಿಯಲು ಜಾಗ ಕೊಟ್ಟರು. ಡ್ಯಾಂಡಿ ಪ್ರಯೋಗಾಲಯ ಬಿಡಲಿಲ್ಲ. ಮಕ್ಕಳ ತಲೆಯಲ್ಲಿ ನೀರು ತುಂಬುವ ರೋಗವನ್ನು ಬೆನ್ನುಹತ್ತಿ, ಆ ನೀರು ಮೆದುಳಿನ ಕುಳಿಗಳಲ್ಲಿ ಹುಟ್ಟಿ ಹೇಗೆ ಹರಿಯುತ್ತದೆ ಎಂಬುದನ್ನು ಬ್ಲ್ಯಾಕ್‌ಫ್ಯಾನ್ ಎಂಬ ಮಕ್ಕಳ ವೈದ್ಯರ ಜೊತೆ ಸೇರಿ ತೋರಿಸಿದರು.

ಮುಂದಿನದೇ ನನಗೆ ಬಹಳ ಹಿಡಿಸಿದ ಭಾಗ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಮೆದುಳು ಕಾಣುವುದಿಲ್ಲ. ಆದರೆ ಹೊಟ್ಟೆಯ ಎಕ್ಸ್‌ರೇಯಲ್ಲಿ ಕರುಳಿನ ಗಾಳಿ ಕಪ್ಪಗೆ ಎದ್ದು ಕಾಣುತ್ತದೆ. ವೈದ್ಯರೆಲ್ಲ ದಿನವೂ ನೋಡುತ್ತಿದ್ದ ಸಂಗತಿಯೇ ಇದು. ಮೆದುಳಿನ ಕುಳಿಯಿಂದ ನೀರು ತೆಗೆದು ಗಾಳಿ ತುಂಬಿದರೆ ಏನಾದೀತು? 1918ರಲ್ಲಿ ಡ್ಯಾಂಡಿ ಅದನ್ನೇ ಮಾಡಿದರು. ಬುರುಡೆಗೆ ಸಣ್ಣ ರಂಧ್ರ ಕೊರೆದು, ಸೂಜಿಯಿಂದ ಗಾಳಿ ಬಿಟ್ಟು, ಎಕ್ಸ್‌ರೇ ತೆಗೆದರು. ಕುಳಿ ಎಡಕ್ಕೆ ಸರಿದಿದ್ದರೆ ಅದನ್ನು ತಳ್ಳಿದ ಗಡ್ಡೆ ಬಲಕ್ಕಿದೆ ಎಂದರ್ಥ. ಗಾಳಿಯಿಂದ ತಲೆಯೊಳಗೆ ಒತ್ತಡ ಏರುವ ಭಯವಿತ್ತು. ಹಾಗಾಗಿ ಗಡ್ಡೆ ಕಂಡರೆ ತಡಮಾಡದೆ ಆಪರೇಷನ್ನಿಗೆ ಒಯ್ಯಬೇಕಾಗುತ್ತಿತ್ತು.

ರೋಗಿಗಳಿಗೆ ಇದು ಸುಲಭದ್ದಾಗಿರಲಿಲ್ಲ. ತಲೆನೋವು ವಿಪರೀತ, ಕೆಲವರು ತೀರಿಕೊಂಡದ್ದೂ ಉಂಟು. ಕುಶಿಂಗ್ ಈ ವಿಧಾನವನ್ನು ಬೇಗ ಒಪ್ಪಲಿಲ್ಲ, ಅವರ ಅಳುಕು ಸುಳ್ಳೇನೂ ಅಲ್ಲ. ಆದರೂ 1971ರಲ್ಲಿ ಸಿಟಿ ಸ್ಕ್ಯಾನ್ ಬರುವವರೆಗೂ ಗಾಳಿಯ ಚಿತ್ರಗಳು ಬಳಕೆಯಲ್ಲಿದ್ದವು. 1937ರಲ್ಲಿ ಮೆದುಳಿನ ಊದಿದ ರಕ್ತನಾಳಕ್ಕೆ ಕ್ಲಿಪ್ ಹಾಕಿದವರೂ ಡ್ಯಾಂಡಿಯೇ. 1946ರಲ್ಲಿ, 60ನೇ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡರು.

ಬುರುಡೆ ತೆರೆದೊಡನೆ ನೀರು ಸೋರಿ ಮೆದುಳು ಕುಸಿಯುತ್ತದೆ, ಮೊದಲು ತೆಗೆದ ಚಿತ್ರ ಹಳತಾಗುತ್ತದೆ. ಅದಕ್ಕೇ ಈಗ ದೊಡ್ಡ ಆಸ್ಪತ್ರೆಗಳಲ್ಲಿ ಆಪರೇಷನ್ ನಡುವೆಯೇ ಮತ್ತೆ ಸ್ಕ್ಯಾನ್ ಮಾಡುತ್ತಾರೆ. 1990ರ ದಶಕದಲ್ಲಿ ಎಂಆರ್‌ಐ ಯಂತ್ರವನ್ನು ಮೊಟ್ಟಮೊದಲು ಆಪರೇಷನ್ ಕೋಣೆಯೊಳಗೆ ತಂದದ್ದು ಬೋಸ್ಟನ್ನಿನಲ್ಲಿ, ಕುಶಿಂಗ್ ಡ್ಯಾಂಡಿಯನ್ನು ಬಿಟ್ಟು ಹೋಗಿದ್ದ ಅದೇ ಬ್ರಿಗಮ್‌ನಲ್ಲಿ.