ಶ್ರೀಮತಿ ಫ್ರಾನ್ಸಿಸ್ ಗ್ಲೆಸ್ನರ್ ಲೀ

ಅಪರಾಧಶೋಧನೆಗೆ ವೈದ್ಯಶಾಸ್ತ್ರದ ಬೆಳಕನ್ನು ತಂದ ಈ ಮಹನೀಯೆಯು 1878ರಲ್ಲಿ ಅಮೆರಿಕೆಯ ಶಿಕಾಗೋ ನಗರದ ಸಿರಿವಂತ ಮನೆತನದಲ್ಲಿ ಜನಿಸಿದರು. ಹಾರ್ವರ್ಡ್ ವೈದ್ಯವಿದ್ಯಾಲಯವು 1945ರವರೆಗೂ ಸ್ತ್ರೀಯರನ್ನು ಸೇರಿಸಿಕೊಳ್ಳಲಿಲ್ಲ. ಬಾಸ್ಟನ್ನಿನ ಶವಪರೀಕ್ಷಕರಾದ ಡಾಕ್ಟರ್ ಮ್ಯಾಗ್ರಾತ್‌ರವರ ಸ್ನೇಹದಿಂದ, ಮರಣವಿಚಾರಣೆಯು ಅರಿಯದವರ ಕೈಗೆ ಸಿಕ್ಕರೆ ಅಪರಾಧಿಯು ಪಾರಾಗಿ ನಿರಪರಾಧಿಯು ದಂಡನೆಗೊಳಗಾಗುವನೆಂಬುದನ್ನು ಆಕೆ ಅರಿತರು. 1931ರಲ್ಲಿ ತಮಗೆ ಪ್ರವೇಶವಿಲ್ಲದ ಅದೇ ಹಾರ್ವರ್ಡಿಗೆ ದ್ರವ್ಯವನ್ನಿತ್ತು ನ್ಯಾಯವೈದ್ಯದ ಅಧ್ಯಯನಕ್ಕೆ ನೆಲೆ ಕಲ್ಪಿಸಿದರು.

ಸೂಜಿಯ ಕೆಲಸವೇ ಆಕೆಯ ಆಯುಧವಾಯಿತು. ಮರಣ ಸಂಭವಿಸಿದ ಕೋಣೆಗಳನ್ನು ಅಡಿಗೊಂದು ಅಂಗುಲದ ಪ್ರಮಾಣದಲ್ಲಿ ಬೊಂಬೆಮನೆಗಳಾಗಿ ರಚಿಸಿ, ಬೊಂಬೆಗಳ ಕಾಲುಚೀಲಗಳನ್ನು ಗುಂಡುಸೂಜಿಗಳಿಂದ ಹೆಣೆದರು. ರಕ್ತದ ಕಲೆ, ಶವದ ಬಣ್ಣಗಳನ್ನು ಗಮನಿಸಿ ಸತ್ಯವನ್ನು ಹುಡುಕುವ ಬಗೆಯನ್ನು ಪೋಲೀಸರು ಅವುಗಳಿಂದ ಕಲಿತರು. 1943ರಲ್ಲಿ ನ್ಯೂ ಹ್ಯಾಂಪ್‌ಷೈರ್ ಪೋಲೀಸು ದಳವು ಆಕೆಗೆ ಕ್ಯಾಪ್ಟನ್ ಪದವಿಯನ್ನಿತ್ತಿತು. ಆಕೆ 1962ರಲ್ಲಿ ನಿಧನರಾದರು. ಆ ಬೊಂಬೆಮನೆಗಳು ಬಾಲ್ಟಿಮೋರಿನಲ್ಲಿ ಇಂದಿಗೂ ಪಾಠ ಹೇಳುತ್ತಿವೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ತಂದೆತಾಯಿಗಳೇ! ಶವದ ಬಳಿಯ ಕೆಲಸವು ಹೆಣ್ಣಿಗೆ ತಕ್ಕುದಲ್ಲವೆಂದು ನೀವು ಅಂಜುವುದನ್ನು ನಾವು ಬಲ್ಲೆವು. ಆದರೆ ಸತ್ತವಳು ತಾನೇ ಸಾಕ್ಷಿ ನುಡಿಯಲಾರಳು. ಅವಳ ಪರವಾಗಿ ಬಲ್ಲವರೊಬ್ಬರು ನುಡಿಯಬೇಕು. ನ್ಯಾಯವಿಜ್ಞಾನದ ಪ್ರಾದೇಶಿಕ ಪ್ರಯೋಗಾಲಯವು ಈಗ ನಮ್ಮ ಕಲಬುರಗಿಯಲ್ಲಿಯೇ ಇದೆ. ಮಗಳು ಆ ದಾರಿಯನ್ನು ಬಯಸಿದರೆ ತಡೆಯದಿರಿ.